ಮೂರನೆಯ ಸ್ಕ್ರೂ

ನಾಟಿ ಮುಗಿಯುವ ಹೊತ್ತಿಗೆ ಗಂಗಾವತಿಯ ನಮ್ಮ ಗ್ಯಾರೇಜಿನಲ್ಲಿ ಕೈಗೆ ಬಿಡುವಿರುವುದಿಲ್ಲ. ಗದ್ದೆಯ ಕೆಸರು ಮೆತ್ತಿಕೊಂಡ ಸ್ಪ್ಲೆಂಡರ್ ಬೈಕುಗಳು ಸಾಲುಗಟ್ಟುತ್ತವೆ. ಬಂದವರೆಲ್ಲರದೂ ಒಂದೇ ಮಾತು: “ಆಯಿಲ್ ಬದಲಾಯಿಸಿ ಅಣ್ಣಾ, ಹತ್ತು ನಿಮಿಷದಲ್ಲಿ ಹೋಗಬೇಕು.” ಹಳೆಯ ಎಣ್ಣೆ ಇಳಿಸಿ ಹೊಸದನ್ನು ಸುರಿಯಲು ಹತ್ತು ನಿಮಿಷ ಸಾಕು, ನಿಜ. ಆದರೆ ಕಸ ಕೂತಿರುವುದು ಬೇರೆ ಕಡೆ.

1994ರಲ್ಲಿ ಬಂದ ಈ ಗಾಡಿಯ ಹಳೆಯ ಎಂಜಿನ್ನಿಗೆ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಬಲಗಡೆಯ ಕ್ಲಚ್ ಕವರ್ ಬಿಚ್ಚಿದರೆ ಕ್ರ್ಯಾಂಕಿನ, ಅಂದರೆ ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡದ, ತುದಿಯಲ್ಲಿ ಒಂದು ಪುಟ್ಟ ಡಬ್ಬಿ ಕಾಣುತ್ತದೆ. ಎಂಜಿನ್ ಜೊತೆಗೆ ಗಿರಗಿರನೆ ತಿರುಗುತ್ತ, ಎಣ್ಣೆಯಲ್ಲಿರುವ ಭಾರದ ಕಸವನ್ನು ಅದು ತನ್ನ ಗೋಡೆಗೆ ಎಸೆಯುತ್ತದೆ. ತೆರೆದು ನೋಡಿದರೆ ಒಳಗೆಲ್ಲ ಕಾಡಿಗೆಯಂಥ ಮಡ್ಡಿ. ಬೆರಳಿಗೆ ಹತ್ತಿದರೆ ಸಂಜೆಯವರೆಗೂ ಬಿಡದು. ಆ ಡಬ್ಬಿಯ ಮುಚ್ಚಳಕ್ಕೆ ಮೂರು ಸ್ಟಾರ್ ಸ್ಕ್ರೂ. ಕಷ್ಟವೆಲ್ಲ ಆ ಮೂರರದು.

ಉಸ್ತಾದರ ಕೈಕೆಳಗೆ ಕೆಲಸ ಕಲಿಯುತ್ತಿದ್ದಾಗ ಒಂದು ಮಧ್ಯಾಹ್ನ ಎರಡು ಸ್ಕ್ರೂ ಸಲೀಸಾಗಿ ಬಂದವು. ಮೂರನೆಯದು ಕರ್ ಎಂದು ಜಾರಿತು. ನಾನು ಇನ್ನಷ್ಟು ಜೋರು ಮಾಡಿದೆ. ನಾಲ್ಕನೆಯ ಸಲಕ್ಕೆ ಪ್ಲಸ್ ಗುರುತು ಅಳಿಸಿ, ನುಣುಪಾದ ಗುಳಿ ಮಾತ್ರ ಉಳಿಯಿತು. ಯಾರೂ ನೋಡುವ ಮುನ್ನ ಮುಗಿಸೋಣವೆಂದು ಸ್ಕ್ರೂವಿನ ಅಂಚಿಗೆ ಚಾಣ ಇಟ್ಟು ಸುತ್ತಿಗೆಯಿಂದ ಬಡಿದೆ. ಸ್ಕ್ರೂ ಬಂತು, ಜೊತೆಗೆ ಎಳ್ಳುಕಾಳಿನಷ್ಟು ಚೂರೂ ಹಾರಿತು.

ಉಸ್ತಾದರು ಬೈಯಲಿಲ್ಲ. “ತಮ್ಮಾ, ಆ ಚೂರು ಹುಡುಕು, ಆಮೇಲೆ ಊಟ” ಎಂದರು. ಆ ಡಬ್ಬಿಯನ್ನು ದಾಟಿದ ಎಣ್ಣೆ ನೇರವಾಗಿ ಕ್ರ್ಯಾಂಕಿನ ಬೇರಿಂಗಿಗೆ ಹೋಗುತ್ತದೆ, ನಡುವೆ ಇನ್ನೊಂದು ಜರಡಿಯಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಹಳೆಯ ಸ್ಪೀಕರಿನ ಅಯಸ್ಕಾಂತ ಹಿಡಿದು ಒಂದು ಗಂಟೆ ತಡಕಾಡಿದೆ. ಚೂರು ಕ್ಲಚ್ಚಿನ ಕೆಳಗೆ ಸಿಕ್ಕಿತು. ಊಟ ಆರಿಹೋಗಿತ್ತು.

ತಪ್ಪು ಸ್ಕ್ರೂವಿನದಲ್ಲ, ನನ್ನ ಸ್ಕ್ರೂಡ್ರೈವರಿನದು. ಅಂಗಡಿಯಲ್ಲಿ ಸ್ಟಾರ್ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಫಿಲಿಪ್ಸ್. 1936ರಲ್ಲಿ ಅಮೆರಿಕದ ಹೆನ್ರಿ ಫಿಲಿಪ್ಸ್ ಪೇಟೆಂಟ್ ಪಡೆದ ನಮೂನೆ. ಜಪಾನಿ ವಿನ್ಯಾಸದ ಎಂಜಿನ್ನುಗಳಲ್ಲಿ ಇರುವುದು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ, ಗುಳಿ. ನೋಟಕ್ಕೆ ಅಣ್ಣತಮ್ಮಂದಿರು, ಆದರೆ ಫಿಲಿಪ್ಸ್ ಮೂತಿ ಆ ಗುಳಿಯ ತಳ ಮುಟ್ಟುವುದಿಲ್ಲ; ಜೋರು ಬಿದ್ದೊಡನೆ ಮೇಲೇರಿ ಅಂಚನ್ನು ತಿಂದುಹಾಕುತ್ತದೆ. ಹಲವು ಜೆಐಎಸ್ ಸ್ಕ್ರೂಗಳ ತಲೆಯ ಮೇಲೆ ಸಣ್ಣದೊಂದು ಚುಕ್ಕೆ ಇರುತ್ತದೆ. ವರ್ಷಗಟ್ಟಲೆ ಅದನ್ನು ಅಚ್ಚಿನ ದೋಷ ಎಂದುಕೊಂಡಿದ್ದೆ!

ಈಗ ಮೊದಲು ಗುಳಿಯೊಳಗಿನ ಮಡ್ಡಿಯನ್ನು ಸೂಜಿಯಿಂದ ಕೆರೆದು, ವೇಸ್ಟ್ ಬಟ್ಟೆಯಿಂದ ಒರೆಸುತ್ತೇನೆ. ಇದನ್ನು ಬಿಟ್ಟವರೇ ಹೆಚ್ಚು. ಆಮೇಲೆ ಜೆಐಎಸ್ ನಮೂನೆಯ 2 ಮತ್ತು 3ನೇ ನಂಬರಿನ ಬಿಟ್ (ಡ್ರೈವರಿಗೆ ಸಿಕ್ಕಿಸುವ ಮೂತಿ) ಎರಡನ್ನೂ ಇಟ್ಟು ನೋಡುತ್ತೇನೆ. ಅಲುಗಾಡದೆ ಕೂರುವುದೇ ಸರಿಯಾದದ್ದು. ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಹುಡುಗನ ಕೈಗೆ ಕೊಡುತ್ತೇನೆ, ಇಲ್ಲವಾದರೆ ಕ್ರ್ಯಾಂಕೇ ತಿರುಗುತ್ತದೆ. ಏಟು ಬಿದ್ದಾಗ ತಿರುಗುವ ಇಂಪ್ಯಾಕ್ಟ್ ಡ್ರೈವರನ್ನು ಎಡಕ್ಕೆ ಬಿಗಿಹಿಡಿದು ಸುತ್ತಿಗೆಯಿಂದ ಸಣ್ಣ ಏಟು ಹಾಕುತ್ತೇನೆ. ಕ್ರ್ಯಾಂಕಿನ ತುದಿ ಎಂಬ ನೆನಪಿರಬೇಕು, ಗೂಟ ಹೊಡೆದಂತೆ ಹೊಡೆಯಬಾರದು. ಸ್ಕ್ರೂ ಹಿಡಿತ ಸಡಿಲಿಸಿದ್ದು ಕಿವಿಗಿಂತ ಮೊದಲು ಅಂಗೈಗೆ ತಿಳಿಯುತ್ತದೆ.

ಬಿಟ್ ಜಾರದಿರಲು ತುದಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚುವವರಿದ್ದಾರೆ. ಹೊರಗಿನ ಸ್ಕ್ರೂಗಳಿಗೆ ಒಳ್ಳೆಯ ಉಪಾಯ. ಈ ಡಬ್ಬಿಯ ಹತ್ತಿರ ಮಾತ್ರ ಬೇಡ. ಆ ಪೇಸ್ಟೇ ಉಜ್ಜುವ ಪುಡಿ.

ಮುಚ್ಚುವಾಗ ತಲೆ ಸವೆದ ಸ್ಕ್ರೂವನ್ನು ಮತ್ತೆ ಹಾಕುವುದಿಲ್ಲ. ಮೊನ್ನೆ ಗೊಬ್ಬರದ ಚೀಲ ಹೇರಿಕೊಂಡು ಬಂದಿದ್ದ ಹಿರಿಯರೊಬ್ಬರು ಬಿಲ್ಲಿನಲ್ಲಿ ಮೂರು ಸ್ಕ್ರೂ ನೋಡಿ ಹುಬ್ಬೇರಿಸಿದರು. ಹಳೆಯವನ್ನು ಅಂಗೈ ಮೇಲಿಟ್ಟು ತೋರಿಸಿದೆ. ಒಂದನ್ನು ಬೆರಳಲ್ಲಿ ತಿರುವಿ, “ಇದನ್ನು ಹೀಗೆ ಮಾಡಿದವನು ಯಾರಪ್ಪಾ?” ಎಂದು ಕೇಳಿದರು. ಗುಳಿ ನನ್ನ ಅಂದಿನ ಮೂರನೆಯ ಸ್ಕ್ರೂವಿನಷ್ಟೇ ನುಣುಪಾಗಿತ್ತು. ನನ್ನಂಥವನೇ ಯಾರೋ ಇರಬೇಕು ಎಂದೆ.