ಕಸದ ಕವರಲ್ಲಿದ್ದ ಸೂಜಿ

ಆಸ್ಪತ್ರೇಲಿ ಕೆಲಸ ಮಾಡೋವಾಗ ಕೈತಪ್ಪಿ ಸೂಜಿ ಚುಚ್ಚಿಸ್ಕೊಳ್ಳೋದು ಡಾಕ್ಟರು, ನರ್ಸುಗಳು ಮಾತ್ರ ಅಂದ್ಕೊಂಡಿರೋರೇ ಜಾಸ್ತಿ. ನಾನು ಸ್ಟಾಫ್ ನರ್ಸ್. ಅವತ್ತು ನೈಟ್ ಡ್ಯೂಟಿ ಮುಗಿಯೋ ಹೊತ್ತಲ್ಲಿ ಹೌಸ್‌ಕೀಪಿಂಗ್ ಅಕ್ಕ ಬಂದು "ಸಿಸ್ಟರ್, ಒಂದು ಬ್ಯಾಂಡೇಡ್ ಕೊಡಿ" ಅಂದ್ರು. ಏನಾಯ್ತು ಅಂದ್ರೆ ಏನಿಲ್ಲ ಅಂತಾರೆ. ನೋಡಿದ್ರೆ ಬೆರಳ ತುದೀಲಿ ರಕ್ತದ ಚುಕ್ಕೆ, ಗ್ಲೌಸಲ್ಲೂ ಅಷ್ಟೇ ಸಣ್ಣ ತೂತು. ಕಸದ ಕವರ್ ಕಟ್ಟೋವಾಗ ಕೈಯಲ್ಲಿ ಒತ್ತಿದ್ದಾರೆ, ಒಳಗೆ ಯಾರೋ ಎಸೆದಿದ್ದ ಸೂಜಿ.

ಬೆರಳು ಹಿಂಡ್ತಾ ನಿಂತಿದ್ರು, ಬಿಡ್ಸಿ ನಲ್ಲಿ ಕೆಳಗೆ ಸೋಪ್ ಹಾಕಿ ತೊಳ್ಸಿದೆ. ಹಿಂಡಬಾರ್ದು, ಬಾಯಿಗಿಡಬಾರ್ದು, ಸ್ಪಿರಿಟ್ ಸುರೀಬಾರ್ದು, ಸೋಪು ನೀರು ಸಾಕು.

ಯಾವ ಪೇಶೆಂಟ್ ಸೂಜಿ ಅಂತ ಗೊತ್ತಿದ್ರೆ ಅವರ ರಕ್ತ ಟೆಸ್ಟ್ ಮಾಡ್ಬಹುದು, ಕಸದಲ್ಲಿ ಸಿಕ್ಕಿದ್ದಕ್ಕೆ ಯಾರನ್ನ ಕೇಳೋದು? ಅಕ್ಕಂಗೆ ಭಯ ಇದ್ದಿದ್ದು ಎಚ್‌ಐವಿದು. ಪಾಸಿಟಿವ್ ಇರೋರ ಸೂಜಿ ಚುಚ್ಚಿದ್ರೂ ಅದು ಹರಡೋ ಚಾನ್ಸ್ ಸುಮಾರು 1000ಕ್ಕೆ 3, ಜೊತೆಗೆ ಸೋಂಕು ತಡೆಯೋ ಪಿಇಪಿ ಮಾತ್ರೆ ಇದೆ, ಆದಷ್ಟು ಬೇಗ, 72 ಗಂಟೆ ದಾಟೋದ್ರೊಳಗೆ ಶುರು ಮಾಡಿ 28 ದಿನ ತಗೋಬೇಕು. ನಂಗೆ ಭಯ ಇದ್ದಿದ್ದು ಲಿವರ್‌ಗೆ ಸೋಂಕು ತರೋ ಹೆಪಟೈಟಿಸ್ ಬಿದು. ವ್ಯಾಕ್ಸಿನ್ ಆಗಿಲ್ದೇ ಇದ್ರೆ, ಪಾಸಿಟಿವ್ ಇರೋರ ಸೂಜಿಯಿಂದ ಅದು ಹರಡೋ ಚಾನ್ಸ್ 6ರಿಂದ 30 ಪರ್ಸೆಂಟ್, ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತೆ. ವ್ಯಾಕ್ಸಿನ್ ಆಗಿದ್ಯಾ ಅಂತ ಕೇಳಿದೆ.

"ನಮಗ್ಯಾರು ಹಾಕ್ತಾರೆ ಸಿಸ್ಟರ್, ನಾವು ಕಾಂಟ್ರಾಕ್ಟ್‌ನವ್ರಲ್ವಾ."

ನಮಗೆಲ್ಲ ಕೆಲಸಕ್ಕೆ ಸೇರಿದಾಗ್ಲೇ ಮೂರೂ ಡೋಸ್ ಆಗಿದೆ, ಟೈಟರ್, ಅಂದ್ರೆ ರಕ್ತದಲ್ಲಿ ಸಾಕಷ್ಟು ರಕ್ಷಣೆ ಬಂದಿದ್ಯಾ ಅಂತ ಕೂಡ ನೋಡಿದ್ದಾರೆ. ದಿನಾ ನಮ್ಮ ಕಸ ಎತ್ತೋರಿಗೆ ಒಂದು ಡೋಸೂ ಇಲ್ಲ! ಅವರ ಸೂಪರ್‌ವೈಸರ್ ಬೇರೆ, ಸೂಜಿ ಚುಚ್ಚಿದ್ದಕ್ಕೆ ಫಾರ್ಮ್ ಬರೆದ್ರೆ ತಲೆನೋವು, ಬಿಡಿ ಅಂದ. ಬಿಡ್ಲಿಲ್ಲ, ಕ್ಯಾಶುಯಾಲ್ಟಿಗೆ ಕರ್ಕೊಂಡು ಹೋದೆ. ರಕ್ತ ತಗೊಂಡ್ರು, ತಕ್ಷಣಕ್ಕೆ ರಕ್ಷಣೆ ಕೊಡೋ ರೆಡಿಮೇಡ್ ಆಂಟಿಬಾಡಿ, ಅಂದ್ರೆ ಇಮ್ಯುನೋಗ್ಲಾಬ್ಯುಲಿನ್ ಜೊತೆ ವ್ಯಾಕ್ಸಿನ್ ಮೊದಲ್ನೇ ಡೋಸ್ ಹಾಕಿ ಪಿಇಪಿನೂ ಶುರು ಮಾಡಿದ್ರು. ಆಮೇಲಿನ ಟೆಸ್ಟ್ ಎಲ್ಲಾ ನೆಗೆಟಿವ್ ಬಂತು.

ಸೂಜಿ ಕಸಕ್ಕೆ ಹೆಂಗೆ ಬಂತು ಅಂತ ನೋಡಿದ್ರೆ, ಬಳಸಿದ ಸೂಜಿ ಹಾಕೋ ಶಾರ್ಪ್ಸ್ ಬಾಕ್ಸ್ ಇರೋದು ವಾರ್ಡಿನ ಆ ಮೂಲೇಲಿ, ಇಂಜೆಕ್ಷನ್ ಕೊಡೋದು ಈ ಮೂಲೇಲಿ, ಬಾಕ್ಸ್ ಬೇರೆ ಬಾಯಿವರೆಗೂ ತುಂಬಿದೆ, ಮುಕ್ಕಾಲಿಗೇ ಸೀಲ್ ಮಾಡ್ಬೇಕಿತ್ತು. ಎಚ್ಚರಿಕೆ ಪೋಸ್ಟರ್ ಮಾತ್ರ ಚೆನ್ನಾಗಿತ್ತು ಬಿಡಿ. ಈಗ ಬಾಕ್ಸು ಟ್ರಾಲಿ ಮೇಲೇ ಇರುತ್ತೆ.

ವ್ಯಾಕ್ಸಿನ್ ಲಿಸ್ಟಿಗೆ ಹೌಸ್‌ಕೀಪಿಂಗ್‌ನವ್ರು ಸೇರಿದ್ದಾರೆ, ಲಾಂಡ್ರಿಯವ್ರು ಇನ್ನೂ ಇಲ್ಲ. ಬೆಡ್‌ಶೀಟ್ ಮಡಿಕೇಲೂ ಸೂಜಿ ಸಿಗುತ್ತೆ ಅಂತ ಇನ್‌ಫೆಕ್ಷನ್ ಕಂಟ್ರೋಲ್‌ಗೆ ಬರೆದು ಕೊಟ್ಟಿದ್ದೀನಿ, ಬಜೆಟ್ ನೋಡ್ತೀವಿ ಅಂದಿದ್ದಾರೆ.