ಹೇಳಿ ಮಾಡಿಸಿದ ಕೋವಿ

18 ಜನವರಿ 2025, ಶನಿವಾರ
ಫೀನಿಕ್ಸ್, ಅರಿಜೋನಾ

ಐದೂವರೆಗೆ ಅಲಾರಂ ಇಟ್ಟಿದ್ದೆ. ಅದು ಹೊಡೆದುಕೊಳ್ಳುವ ಮೊದಲೇ ಎಚ್ಚರವಾಯಿತು. ಮನೆಯಲ್ಲಿ ಎಲ್ಲರೂ ಮಲಗಿದ್ದರು. ಕಬ್ಬಿಣದ ಪೆಟ್ಟಿಗೆಯ ಬೀಗ ತೆಗೆದು ಕೋವಿಯನ್ನು ಹೊರಗೆ ತಂದೆ. ಖಾಲಿ ಇದೆಯಾ ಎಂದು ಒಮ್ಮೆ ನೋಡಿದೆ, ಇನ್ನೊಮ್ಮೆ ನೋಡಿದೆ. ಅಪ್ಪ ಕಲಿಸಿದ್ದು ಹಾಗೆ. ನೀನೇ ಖಾಲಿ ಮಾಡಿ ಇಟ್ಟ ಕೋವಿಯಾದರೂ ಕೈಗೆ ತಗೊಂಡಾಗ ಮತ್ತೆ ನೋಡಬೇಕು. ಆಮೇಲೆ ಚೀಲಕ್ಕೆ ಹಾಕಿ, ತೋಟೆಗಳ ಡಬ್ಬಿಯನ್ನು ಬೇರೆ ಇಟ್ಟು, ಕಾಫಿ ಕುಡಿದು ಹೊರಟೆ.

ಇದು ನನ್ನ ಮೊದಲ ಸ್ವಂತ ಕೋವಿ. ನನ್ನ ಅಳತೆಗೆ ಮಾಡಿಸಿದ್ದು. ಗುರುವಾರ ಸಂಜೆ ಕೈಗೆ ಬಂತು. ಇವತ್ತು ಮೊದಲ ಈಡು.

ಹಿಂದಿನದ್ದು ಸ್ವಲ್ಪ ಹೇಳಬೇಕು. ನಾನು ಎಡಚಿ. ಕೊಡಗಿನ ನಮ್ಮ ಮನೆಯಲ್ಲಿ ಇದ್ದದ್ದು ಅಪ್ಪನ ಹನ್ನೆರಡು ಬೋರಿನ ಜೋಡಿನಳಿಗೆ. ಮಧ್ಯಕ್ಕೆ ಮಡಚಿ, ಎರಡು ತೋಟೆ ಹಾಕಿ, ಮುಚ್ಚುವ ಕೋವಿ. ಅದಕ್ಕೆ ಎಡ ಬಲ ಎಂಬ ಭೇದ ಅಷ್ಟಾಗಿ ಇಲ್ಲ. ಆಯುಧಗಳನ್ನು ಪೂಜಿಸುವ ನಮ್ಮ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗಳನ್ನು ಒರೆಸಿ, ತೋಕ್‌ಪೂ ಎಂಬ ಹೂವು ಸಿಕ್ಕಿಸಿ, ಪೂಜೆ ಮಾಡಿ, ಊಟ ಮುಗಿಸಿ, ಸಂಜೆ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿಯಿಡುತ್ತಿದ್ದೆವು. ನಾನು ಎಡ ಹೆಗಲಿಗೇ ಇಟ್ಟು ಹೊಡೆಯುತ್ತಿದ್ದೆ. ಯಾರೂ ಬೇಡ ಅನ್ನಲಿಲ್ಲ. ಊಟಕ್ಕೆ ಎಡಗೈ ಹಾಕಿದರೆ ಬೈಯುತ್ತಿದ್ದ ಅಜ್ಜಿಯೂ ಕೋವಿಯ ವಿಷಯದಲ್ಲಿ ಸುಮ್ಮನಿರುತ್ತಿದ್ದರು.

ನಮ್ಮ ಕೊಡವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ನಾನು ಹುಟ್ಟಿದ ದಿನ ಅಪ್ಪ ಅಂಗಳಕ್ಕೆ ಹೋಗಿ ಒಂದು ಈಡು ಹೊಡೆದರಂತೆ. ಹೆಣ್ಣು ಮಗುವಿಗೆ ಯಾಕೆ ಎಂದು ಯಾರೋ ಕೇಳಿದ್ದಕ್ಕೆ, ಮಗು ಮಗುವೇ ಅಲ್ವಾ ಅಂದರಂತೆ. ಈ ಮಾತನ್ನು ಅಮ್ಮ ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಅಮೆರಿಕಕ್ಕೆ ಬಂದ ಮೇಲೆ ಕೋವಿ ಮುಟ್ಟಲಿಲ್ಲ. ಎಚ್‌-1ಬಿಯಂಥ ವೀಸಾದಲ್ಲಿ ಇರುವವರು ಕೋವಿ ಕೊಳ್ಳುವುದಾಗಲಿ ಇಟ್ಟುಕೊಳ್ಳುವುದಾಗಲಿ ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ ತಪ್ಪು. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ನಿಜ. ಆದರೆ ವೀಸಾ ಇರುವಾಗ ಯಾವ ಸಣ್ಣ ಗೊಂದಲವೂ ಬೇಡ ಎಂದು ದೂರ ಇದ್ದೆ. ಊರಲ್ಲಿ ನಮಗೆ 1861ರಿಂದ ಲೈಸೆನ್ಸ್ ವಿನಾಯಿತಿ ಇದೆ, ಕೋವಿ ಎಂದರೆ ಮನೆಯ ವಸ್ತು. ಇಲ್ಲಿ ಅಂಗಡಿಯಲ್ಲಿ ಸಾಲಾಗಿ ಕೋವಿಗಳು ಕಾಣುತ್ತವೆ, ನನಗೆ ಮಾತ್ರ ಇಲ್ಲ. ಹನ್ನೊಂದು ವರ್ಷ ಹಾಗೇ ಕಳೆಯಿತು. ಗ್ರೀನ್ ಕಾರ್ಡ್ ಬಂದ ಮೇಲೆ ಆಫೀಸಿನ ಗೆಳತಿಯೊಬ್ಬಳು ತನ್ನ ಜೊತೆ ರೇಂಜಿಗೆ, ಅಂದರೆ ಗುರಿ ಹೊಡೆಯುವ ಮೈದಾನಕ್ಕೆ, ಕರೆದುಕೊಂಡು ಹೋದಳು.

ಅಲ್ಲಿ ಮೊದಲ ಬಾರಿ ಕಷ್ಟ ಗೊತ್ತಾಯಿತು. ಅವಳದ್ದು ಬೋಲ್ಟ್ ರೈಫಲ್. ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್ ಎಂಬ ಲೋಹದ ತುಂಡನ್ನು ಪ್ರತಿ ಈಡಾದ ಮೇಲೂ ಕೈಯಿಂದ ಎಳೆದು ತಳ್ಳಬೇಕು. ಬೋಲ್ಟಿನ ಹಿಡಿ ಬಲಗಡೆ. ಎಡ ಹೆಗಲಿಗೆ ಇಟ್ಟು ಹೊಡೆದರೆ, ಪ್ರತಿ ಈಡಿಗೂ ಕೆನ್ನೆ ಎತ್ತಿ, ಕೈಯನ್ನು ಕೋವಿಯ ಮೇಲಿಂದ ಆ ಕಡೆ ಚಾಚಿ ಬೋಲ್ಟ್ ಎಳೆಯಬೇಕು. ಮತ್ತೆ ಮೊದಲಿನ ಹಾಗೆ ಕೂರುವಷ್ಟರಲ್ಲಿ ಗುರಿ ಎಲ್ಲೋ ಹೋಗಿರುತ್ತದೆ. ಒಂದು ಅಂಗಡಿಯವರು ಬಲಗೈಗೆ ಬದಲಾಯಿಸಿಕೊಳ್ಳಿ ಎಂದರು. ಸುಮಾರು ಒಂದು ವರ್ಷ ಪ್ರಯತ್ನಿಸಿದೆ. ನನ್ನ ಬಲಗಣ್ಣು ಸೋಮಾರಿ, ಗುರಿಯ ಮೇಲೆ ನಿಲ್ಲುವುದಿಲ್ಲ. ಅದೇ ಅಂಗಡಿಯಲ್ಲಿ ಆಮೇಲೆ ಮಕ್ಕಳ ಅಳತೆಯ ಕೋವಿ ತೋರಿಸಿದರು. ನಾನು ಐದಡಿ ಎರಡಿಂಚು, ಅದಕ್ಕೆ. ಬೇಜಾರಾಯಿತು. ನನ್ನ ಕೈ ಕಣ್ಣುಗಳೇ ಸರಿಯಿಲ್ಲ, ಆ ತೆಂಗಿನಕಾಯಿಗಳೆಲ್ಲ ಅದೃಷ್ಟಕ್ಕೆ ಒಡೆದವು ಅನ್ನಿಸಿಬಿಟ್ಟಿತ್ತು.

ಗೆಳತಿಯೇ ಕೊನೆಗೆ ಕೋವಿ ಕಟ್ಟುವ ಒಬ್ಬ ಹಿರಿಯರ ಹತ್ತಿರ ಕಳಿಸಿದಳು. ಎಪ್ಪತ್ತು ದಾಟಿದವರು. ಮನೆಯ ಹಿಂದೆ ಸಣ್ಣ ವರ್ಕ್‌ಶಾಪ್. ಅವರು ಮೊದಲು ಕೋವಿಯ ಮಾತೇ ಎತ್ತಲಿಲ್ಲ. ಹೆಗಲಿಗೆ ಒರಗಿಸುವ ಬರೀ ಮರದ ಹಿಡಿಯೊಂದನ್ನು ಕೈಗೆ ಕೊಟ್ಟು, ಕಣ್ಣು ಮುಚ್ಚಿ ಎತ್ತು ಎಂದರು. ಎತ್ತಿದೆ. ಕೆನ್ನೆ ತಾನಾಗಿ ಎಲ್ಲಿ ಒರಗುತ್ತದೋ ಅಲ್ಲಿ ಒರಗಲಿ, ಈಗ ಕಣ್ಣು ಬಿಡು ಎಂದರು. ಬಿಟ್ಟಾಗ ಕಣ್ಣು ಗುರಿಯ ಗೆರೆಯಲ್ಲಿ ಇರಲಿಲ್ಲ, ಬಹಳ ಕೆಳಗಿತ್ತು. ಅವರು ಟೇಪು ತಂದು ಮೊಣಕೈ ಮಡಿಕೆಯಿಂದ ತೋರುಬೆರಳಿನವರೆಗೆ ಅಳೆದರು. ಕತ್ತಿನ ಉದ್ದ ಅಳೆದರು. ಹೆಗಲಿನ ಗುಳಿ ಎಲ್ಲಿದೆ ಎಂದು ಕೇಳಿ ಬರೆದುಕೊಂಡರು. ಊರಲ್ಲಿ ರವಿಕೆ ಹೊಲಿಯುವ ಟೈಲರಮ್ಮನ ನೆನಪಾಯಿತು. ಅವರೂ ಹೀಗೆ, ಅಳೆಯುವಾಗ ಮಾತಾಡುತ್ತಿರಲಿಲ್ಲ.

ಯಾವ ಕೋವಿ ಎಂಬ ಮಾತು ಆಮೇಲೆ ಬಂತು. ಎಡಗೈಯವರ ಬೋಲ್ಟ್ ರೈಫಲ್ ಕೂಡ ಸಿಗುತ್ತದೆ, ನಿಖರತೆ ಒಂದೇ ಬೇಕಾದರೆ ಅದೇ ಸರಿ ಎಂದು ಅವರು ನೇರವಾಗಿ ಹೇಳಿದರು. ನನಗೆ ಬೇಕಾಗಿದ್ದು ಕೆನ್ನೆ ಎತ್ತದೆ ಹತ್ತು ಈಡು ಹೊಡೆಯುವುದು. ಹಾಗಾಗಿ ಸೆಮಿ ಆಟೋಮ್ಯಾಟಿಕ್. ಊರಿನ ಗೆಳೆಯರಿಗೆ ಹೇಳಿದಾಗ ಮೆಷಿನ್ ಗನ್ನಾ ಎಂದು ಗಾಬರಿಯಾದರು. ಅಲ್ಲ. ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಈಡು. ಬೆರಳು ಬಿಟ್ಟು ಮತ್ತೆ ಒತ್ತಿದರೆ ಇನ್ನೊಂದು. ಹೊಡೆದ ತೋಟೆಯ ಖಾಲಿ ಕೇಸನ್ನು ಹೊರಗೆ ಹಾಕಿ ಮುಂದಿನ ತೋಟೆಯನ್ನು ಒಳಗೆ ತಳ್ಳುವ ಕೆಲಸ ಮಾತ್ರ ಕೋವಿ ತಾನೇ ಮಾಡಿಕೊಳ್ಳುತ್ತದೆ.

ಮೂಲ ಕೋವಿ ರೂಗರ್ ಕಂಪನಿಯ 10/22. ಪಾಯಿಂಟ್ 22 ತೋಟೆಯ ರೈಫಲ್, 1964ರಿಂದ ಬರುತ್ತಿದೆ. ಹತ್ತು ತೋಟೆ ಹಿಡಿಸುವ ಮ್ಯಾಗಜಿನ್ ಎಂಬ ಡಬ್ಬಿಯೊಳಗೆ ತೋಟೆಗಳು ಚಕ್ರದ ಹಾಗೆ ತಿರುಗುತ್ತವೆ. ಇದರ ನಳಿಗೆ ಬರೀ ಎರಡು ಸ್ಕ್ರೂಗಳ ಮೇಲೆ ಕೂತಿರುತ್ತದೆ, ಹಾಗಾಗಿ ಬದಲಾಯಿಸುವುದು ಸುಲಭ. ಬೇಕಾದ ಹಾಗೆ ಕಟ್ಟಿಸಿಕೊಳ್ಳುವವರು ಇದನ್ನೇ ಹಿಡಿಯುವುದಕ್ಕೆ ಅದೇ ಕಾರಣ. ನನ್ನದಕ್ಕೆ 18 ಇಂಚಿನ ದಪ್ಪ ನಳಿಗೆ ಹಾಕಿದ್ದಾರೆ. ಟ್ರಿಗರ್ ಎಳೆಯಲು ಎರಡೂವರೆ ಪೌಂಡ್ ಬಲ ಸಾಕು. ಸೇಫ್ಟಿ ಗುಂಡಿ ಎಡಗೈ ಬೆರಳಿಗೆ ಸಿಗುವ ಹಾಗೆ ತಿರುಗಿಸಿದ್ದಾರೆ. ಕಂಪನಿಯಿಂದ ಬರುವ ಹಿಡಿಯ ಉದ್ದ ಸುಮಾರು ಹದಿಮೂರೂವರೆ ಇಂಚು. ನನ್ನದು 12.25. ಕೆನ್ನೆ ಒರಗುವ ಜಾಗವನ್ನು ಎಡ ಕೆನ್ನೆಗೆ ಸರಿಯಾಗಿ ಎತ್ತರಿಸಿದ್ದಾರೆ. ಮರ ವಾಲ್‌ನಟ್. ಬೀಟೆಯಷ್ಟು ಕಪ್ಪಲ್ಲ. ಎಳೆಗಳು ಮಾತ್ರ ಹೊಳೆಯ ನೀರಿನ ಹಾಗೆ ಹರಿದಿವೆ.

ಆಗಸ್ಟಿನಲ್ಲಿ ಮುಂಗಡ ಕೊಟ್ಟಿದ್ದೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದಿಗೆ ಬರಲಿ ಎಂದು ಆಸೆ ಇತ್ತು. ಬರಲಿಲ್ಲ. ಮರ ಇನ್ನೂ ಒಣಗಬೇಕು, ಅವಸರ ಮಾಡಿದರೆ ಬಾಗುತ್ತದೆ ಎಂದರು. ಅಕ್ಟೋಬರಿನ ಆಯುಧಪೂಜೆಯೂ ಹೋಯಿತು. ಆ ದಿನ ಅವರು ಎಣ್ಣೆ ಹಚ್ಚದ ಹಿಡಿಯ ಫೋಟೊ ಕಳಿಸಿದರು. ಅದಕ್ಕೇ ಕುಂಕುಮ ಇಡಬೇಕು ಅನ್ನಿಸಿತು.

ಗುರುವಾರ ಕೋವಿ ಕೊಳ್ಳುವವರು ತುಂಬಬೇಕಾದ 4473 ಎಂಬ ಫಾರಂ ತುಂಬಿದೆ. ಗ್ರೀನ್ ಕಾರ್ಡಿನ ನಂಬರ್ ಬರೆದೆ. ಒಂದೊಂದು ಪ್ರಶ್ನೆಯನ್ನೂ ಎರಡೆರಡು ಸಲ ಓದಿ ಉತ್ತರ ಹಾಕಿದೆ. ಅವರು ಹಿನ್ನೆಲೆ ಪರಿಶೀಲನೆಗೆ ಕಳಿಸಿದರು. ಹತ್ತು ನಿಮಿಷಕ್ಕೆ ಸರಿ ಎಂದು ಬಂತು. ಆ ಹತ್ತು ನಿಮಿಷ ಹನ್ನೊಂದು ವರ್ಷಕ್ಕಿಂತ ಉದ್ದ ಅನ್ನಿಸಿತು.

ಬೆನ್ ಏವರಿ ರೇಂಜ್ ಊರಿನ ಉತ್ತರಕ್ಕಿದೆ. ಅರಿಜೋನಾದ ಗೇಮ್ ಅಂಡ್ ಫಿಶ್ ಇಲಾಖೆ ನಡೆಸುವ ಸಾರ್ವಜನಿಕ ಜಾಗ, 1,650 ಎಕರೆ. ಸುತ್ತ ಕಳ್ಳಿ ತುಂಬಿದ ಬೋಳು ಗುಡ್ಡಗಳು. ನಾನು ಹೋದಾಗ ಆರು ಡಿಗ್ರಿ ಚಳಿ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ಉದ್ದ ತೋಳಿನ ಅಂಗಿ. ಅಂಗಿಗೆ ಕಾರಣ ಇದೆ. ಕೇಸು ಬಲಕ್ಕೆ ಹಾರುತ್ತದೆ, ಎಡಚರ ಮುಖದ ಮುಂದಿನಿಂದಲೇ ದಾಟಿ ಹೋಗುತ್ತದೆ. ಒಮ್ಮೊಮ್ಮೆ ಬಿಸಿಬಿಸಿಯಾಗಿ ಬಲ ತೋಳಿನ ಮೇಲೆ ಬೀಳುತ್ತದೆ. ಅದಕ್ಕೆ ಮಾತ್ರ ಏನೂ ಮಾಡಲಾಗಲಿಲ್ಲ.

50 ಗಜದಲ್ಲಿ ಕಾಗದ ಕಟ್ಟಿ ಬಂದು ಕೂತೆ. ರೇಂಜ್ ತೆರೆದಿದೆ ಎಂದು ಮೈಕಿನಲ್ಲಿ ಹೇಳಿದರು. ಕಣ್ಣು ಮುಚ್ಚಿ ಕೆನ್ನೆ ಒರಗಿಸಿದೆ. ಕಣ್ಣು ಬಿಟ್ಟೆ. ಸ್ಕೋಪಿನಲ್ಲಿ ಪೂರ್ತಿ ದುಂಡಗೆ ಬೆಳಕು, ಮಧ್ಯದಲ್ಲಿ ಗುರಿ. ಕತ್ತು ಒಂದು ಕೂದಲೆಳೆಯಷ್ಟೂ ಅಲುಗಿಸಬೇಕಾಗಲಿಲ್ಲ. ಕಣ್ಣಲ್ಲಿ ನೀರು ಬಂದುಬಿಟ್ಟಿತು. ಕೋವಿ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು ಮತ್ತೆ ಎತ್ತಿದೆ.

ಮೊದಲ ಈಡು ಚೆನ್ನಾಗಿ ಹೋಯಿತು. ಎರಡನೆಯದಕ್ಕೆ ಸಿಕ್ಕಿಕೊಂಡಿತು. ಖಾಲಿ ಕೇಸು ಬೋಲ್ಟಿನ ಬಾಯಲ್ಲಿ ಚಿಮಣಿಯ ಹಾಗೆ ನೆಟ್ಟಗೆ ನಿಂತಿತ್ತು. ಮ್ಯಾಗಜಿನ್ ತೆಗೆದು, ಬೋಲ್ಟ್ ಎಳೆದು ಬಿಡಿಸಿದೆ. ನಾಲ್ಕನೆಯದಕ್ಕೆ ಮತ್ತೆ ಅದೇ. ಆರನೆಯದಕ್ಕೂ. ಎದೆ ಕುಸಿಯಿತು. ಐದು ತಿಂಗಳು ಕಾದು ಮಾಡಿಸಿದ್ದು ಹೀಗಾ?

ರೇಂಜಿನ ಮೇಲ್ವಿಚಾರಕ ಹತ್ತಿರ ಬಂದು ನೋಡಿದರು. ಕೋವಿ ಸರಿ ಇದೆ, ಚಳಿ ಎಂದರು. ಅವರು ಹೇಳಿದ ಮೇಲೆ ನನಗೂ ಹೊಳೆಯಿತು. ಈ ಕೋವಿಯಲ್ಲಿ ಬೋಲ್ಟನ್ನು ಹಿಡಿದಿಡುವುದು ಅದರ ತೂಕ ಮತ್ತು ಒಂದು ಸ್ಪ್ರಿಂಗ್ ಮಾತ್ರ. ಗುಂಡು ಮುಂದೆ ಹೋಗುವಾಗ ಕೇಸು ಹಿಂದಕ್ಕೆ ಒದೆಯುತ್ತದೆ, ಆ ಒದೆತಕ್ಕೆ ಬೋಲ್ಟ್ ಹಿಂದೆ ಸರಿಯುತ್ತದೆ. ನಾನು ತಂದಿದ್ದು ಸೆಕೆಂಡಿಗೆ 1,070 ಅಡಿ ಹೋಗುವ ಸಾಧಾರಣ ವೇಗದ ತೋಟೆ. ಶಬ್ದಕ್ಕಿಂತ ನಿಧಾನವಾಗಿ ಹೋಗುವುದರಿಂದ ಗುರಿ ಚೆನ್ನಾಗಿ ನಿಲ್ಲುತ್ತದೆ ಎಂದು ಆರಿಸಿದ್ದೆ. ಅದರ ಒದೆತ ಕಡಿಮೆ. ಸ್ಪ್ರಿಂಗ್ ಹೊಸದು, ಬಿಗಿ. ಚಳಿಗೆ ಒಳಗಿನ ಎಣ್ಣೆಯೂ ಗಟ್ಟಿಯಾಗಿತ್ತು. ಬೋಲ್ಟ್ ಪೂರ್ತಿ ಹಿಂದೆ ಹೋಗುತ್ತಲೇ ಇರಲಿಲ್ಲ.

ಬೋಲ್ಟ್ ತೆರೆದಿಟ್ಟು, ಬಟ್ಟೆಯಲ್ಲಿ ಹಳೆ ಎಣ್ಣೆ ಒರೆಸಿ, ತೆಳ್ಳನೆಯದು ಎರಡು ಹನಿ ಬಿಟ್ಟೆ. ಮೊದಲ ಎರಡು ಮ್ಯಾಗಜಿನ್ ಹೆಚ್ಚು ವೇಗದ ತೋಟೆ ಹೊಡೆದೆ, ಸ್ಪ್ರಿಂಗ್ ಸ್ವಲ್ಪ ಪಳಗಲಿ ಎಂದು. ಅಷ್ಟರಲ್ಲಿ ಬಿಸಿಲು ಬೆಂಚಿನ ಮೇಲೆ ಬಂತು. ಆಮೇಲೆ ಸಾಧಾರಣ ತೋಟೆಗೆ ವಾಪಸ್ ಬಂದೆ. ಒಂದೂ ಸಿಕ್ಕಿಕೊಳ್ಳಲಿಲ್ಲ.

ಸ್ಕೋಪ್ ತಿರುಗಿಸಿ ಸರಿ ಮಾಡಿಕೊಂಡ ಮೇಲೆ ಐದು ಈಡು ಹೊಡೆದೆ. ಅವಸರ ಮಾಡಲಿಲ್ಲ. ತಾನೇ ತೋಟೆ ತುಂಬಿಕೊಳ್ಳುವ ಕೋವಿ ಕೈಯಲ್ಲಿದ್ದಾಗ ಬೆರಳು ಓಡುತ್ತದೆ, ಅದನ್ನು ತಡೆಯಬೇಕು. ಉಸಿರು ಬಿಟ್ಟು, ಅರ್ಧದಲ್ಲಿ ನಿಲ್ಲಿಸಿ, ಒತ್ತಿದೆ. ಹೊಡೆದ ಮೇಲೂ ಕೆನ್ನೆ ಅಲ್ಲೇ. ಕೇಸು ಹಾರಿದ್ದು ಕಾಣಿಸಿತು, ಗುರಿ ಮತ್ತೆ ಬಂದು ಮಧ್ಯದಲ್ಲಿ ನಿಂತಿದ್ದೂ ಕಾಣಿಸಿತು. ಎರಡು ವರ್ಷದಿಂದ ನನಗೆ ಸಿಗದೆ ಇದ್ದದ್ದು ಇದೇ.

ಸೀಸ್ ಫೈರ್ ಕೂಗಿದರು. ಕೋವಿ ಖಾಲಿ ಮಾಡಿ, ಬೋಲ್ಟ್ ತೆರೆದು, ಖಾಲಿ ಎಂದು ತೋರಿಸುವ ಹಳದಿ ಫ್ಲ್ಯಾಗ್ ಸಿಕ್ಕಿಸಿ, ನಡೆದು ಹೋಗಿ ನೋಡಿದೆ. ಐದು ತೂತುಗಳಲ್ಲಿ ಮೂರು ಒಂದಕ್ಕೊಂದು ಅಂಟಿಕೊಂಡಿದ್ದವು. ಐದೂ ಸೇರಿ ಮುಕ್ಕಾಲು ಇಂಚಿನ ಅಗಲದೊಳಗೆ. ಪರಿಣತರಿಗೆ ಇದು ದೊಡ್ಡ ಸಾಧನೆಯೇನಲ್ಲ. ಎರವಲು ಕೋವಿಗಳಲ್ಲಿ ನನ್ನದು ಎರಡೂವರೆ ಇಂಚಿಗಿಂತ ಕಡಿಮೆ ಆಗಿದ್ದೇ ಇಲ್ಲ. ಆ ಕಾಗದವನ್ನು ಮಡಚದೆ ಹಾಗೇ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ತಂದೆ.

ಸಂಜೆ ಏಳಕ್ಕೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆ. ಜಗಲಿಯಲ್ಲಿ ಕೂತಿದ್ದರು, ಹಿಂದೆ ಕಣದಲ್ಲಿ ಕಾಫಿ ಹರವಿದ್ದು ಕಾಣುತ್ತಿತ್ತು. ನಾನು ಕಾಗದ ತೋರಿಸಿದೆ. ಅದನ್ನು ನೋಡಿ ತಲೆಯಾಡಿಸಿದರು ಅಷ್ಟೆ.

"ಕೋವಿ ತೋರಿಸು" ಎಂದರು.

ಖಾಲಿ ಇದೆಯೆಂದು ಮೊದಲು ಅವರಿಗೆ ತೋರಿಸಿ, ಆಮೇಲೆ ಹಿಡಿಯನ್ನು ದೀಪದ ಹತ್ತಿರ ತಂದೆ. ಬಹಳ ಹೊತ್ತು ಮರವನ್ನೇ ನೋಡಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ಎಡಗೈಗೇ ಮಾಡಿಸಿದ್ದೀಯಲ್ಲ."

"ಹೂಂ ಅಪ್ಪ."

"ಒಳ್ಳೇದಾಯ್ತು ಮಗಳೇ. ಒರೆಸಿದ್ಯಾ?"

ಇನ್ನೂ ಇಲ್ಲ ಎಂದೆ. ಈಡು ಹೊಡೆದ ದಿನ ಒರೆಸದೆ ಮಲಗಬಾರದು ಎಂದರು. ಅಮ್ಮ ಹಿಂದಿನಿಂದ, ಅದಕ್ಕೊಂದು ಹೂವಾದರೂ ಇಡು ಎಂದು ಕೂಗಿದರು. ತೋಕ್‌ಪೂ ಇಲ್ಲಿ ಎಲ್ಲಿ ಸಿಗಬೇಕು. ಹಿತ್ತಲಿನ ಕಾಗದದ ಹೂವಿನ ಬಳ್ಳಿಯಿಂದ ಒಂದು ಕಿತ್ತು ತಂದಿದ್ದೇನೆ. ಈಗ ಒರೆಸಲು ಕೂರಬೇಕು.