ಮಾವನ ಮಾವಿನಹಣ್ಣೂ ಗೂಗಲ್‌ನ ಎರಡು ಸಾಲೂ

ಶ್ರೀನಿವಾಸಪುರದಲ್ಲಿ ನಮ್ಮ ಮಾವಂದು ಮಾವಿನ ತೋಟ ಇದೆ, ಹೋದ ಸೀಸನ್‌ನಲ್ಲಿ ಮಂಡಿಗೆ ಹಾಕೋದು ಬಿಟ್ಟು ನೇರ ಬೆಂಗಳೂರಿನ ಮನೆಗಳಿಗೇ ಬಾಕ್ಸ್ ಕಳಿಸ್ತೀನಿ ಅಂತ ಹೊರಟ್ರು, ಯಾರೋ ಹುಡುಗನ ಹತ್ರ ವೆಬ್‌ಸೈಟೂ ಮಾಡಿಸಿದ್ರು. ಸೈಟ್ ಚೆನ್ನಾಗೇ ಇತ್ತು. ಆದ್ರೆ ಗೂಗಲ್‌ನಲ್ಲಿ ಹುಡುಕಿದಾಗ ಹೆಸರಿನ ಕೆಳಗೆ ಎರಡು ಸಾಲು ಬರುತ್ತಲ್ಲ, ಅಲ್ಲಿ "ನಮ್ಮ ವೆಬ್‌ಸೈಟ್‌ಗೆ ಸುಸ್ವಾಗತ, ಗುಣಮಟ್ಟವೇ ನಮ್ಮ ಧ್ಯೇಯ" ಅಂತಿತ್ತು. ಬಾದಾಮಿ ಪೇಜಿಗೂ ಅದೇ, ರಸಪುರಿ ಪೇಜಿಗೂ ಅದೇ. ಸಿಮೆಂಟ್ ಅಂಗಡಿಯವನೂ ಅದನ್ನೇ ಹಾಕ್ಕೋಬಹುದು!

"ನೀನು ಕಂಪ್ಯೂಟರ್ ಕೆಲಸದವನು ತಾನೇ, ಸರಿ ಮಾಡಪ್ಪ" ಅಂದ್ರು. ಭಾನುವಾರ ಲ್ಯಾಪ್‌ಟಾಪ್ ತಗೊಂಡು ತೋಟದ ಶೆಡ್‌ನಲ್ಲಿ ಕೂತೆ. ಆ ಎರಡು ಸಾಲನ್ನ ಪೇಜಿನ ಕೋಡ್‌ನಲ್ಲಿರೋ ಮೆಟಾ ಡಿಸ್ಕ್ರಿಪ್ಷನ್ ಅನ್ನೋ ಟ್ಯಾಗ್‌ನಲ್ಲಿ ಬರೆಯೋದಷ್ಟೇ, ಏನು ಬರೀಬೇಕು ಅನ್ನೋದೇ ತಲೆನೋವು. ಅಷ್ಟರಲ್ಲಿ ಮಾವಂಗೆ ಫೋನ್ ಮೇಲೆ ಫೋನ್, ಎಲ್ರೂ ಕೇಳೋದು ಅದೇ, ಹಣ್ಣು ಮಾಡೋಕೆ ಕಾರ್ಬೈಡ್ ಹಾಕ್ತೀರಾ, ಬಾಕ್ಸ್ ಎಷ್ಟು ಕೆಜಿ, ಮನೆಗೆ ತಲುಪಿಸ್ತೀರಾ. ಮಾವ ಕೊಡ್ತಿದ್ದ ಉತ್ತರಾನೇ ಟೈಪ್ ಮಾಡ್ಬಿಟ್ಟೆ: "ಕಾರ್ಬೈಡ್ ಇಲ್ಲದೆ ಹುಲ್ಲಲ್ಲಿ ಅಡೆ ಹಾಕಿದ ಶ್ರೀನಿವಾಸಪುರದ ಬಾದಾಮಿ. 3 ಕೆಜಿ ಬಾಕ್ಸ್, ಬೆಂಗಳೂರಲ್ಲಿ ಮನೆ ಬಾಗಿಲಿಗೆ."

"ನಮ್ಮ ತಾತ ನೆಟ್ಟ ಮರ ಅಂತ ಮೊದಲು ಹಾಕು" ಅಂತ ಮಾವನ ಹಠ. ಉದ್ದ ಆದ್ರೆ ಗೂಗಲ್‌ನೋನು ಚುಕ್ಕಿ ಇಟ್ಟು ಕತ್ತರಿಸ್ತಾನೆ ಮಾವ, ತಾತ ಉಳೀತಾರೆ ಕಾರ್ಬೈಡ್ ಮಾತು ಹೋಗುತ್ತೆ ಅಂದೆ. ಇಷ್ಟೇ ಅಕ್ಷರ ಅಂತ ಗೂಗಲ್ ಲಿಮಿಟ್ ಏನೂ ಇಟ್ಟಿಲ್ಲ, ಸ್ಕ್ರೀನ್ ಅಗಲ ನೋಡ್ಕೊಂಡು ಕತ್ತರಿ ಹಾಕುತ್ತೆ. ಇಂಗ್ಲಿಷ್‌ನೋರು 155-160 ಅಂತ ಲೆಕ್ಕ ಇಟ್ಕೋತಾರೆ, ನಮಗೆ ಅದು ಸರಿಹೋಗಲ್ಲ, ಒತ್ತು ಗುಣಿತ ಎಲ್ಲಾನೂ ಕಂಪ್ಯೂಟರ್ ಬೇರೆ ಬೇರೆ ಎಣಿಸುತ್ತೆ. ಹಾಗಾಗಿ ಮುಖ್ಯ ಮಾತು ಮೊದಲೇ ಬಂದ್ಬಿಡ್ಬೇಕು.

"ಇದ್ರಿಂದ ಗೂಗಲ್‌ನಲ್ಲಿ ನಮ್ಮದು ಮೇಲೆ ಬರುತ್ತಾ?" ಅಂದ್ರು ಮಾವ. ಬರಲ್ಲ. ಮೇಲೆ ಕೆಳಗೆ ಮಾಡೋಕೆ ಈ ಟ್ಯಾಗ್ ನೋಡಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ, ಕಣ್ಣಿಗೆ ಬಿದ್ದವರು ಒತ್ತಬೇಕು ಅನ್ನೋದಕ್ಕೆ ಮಾತ್ರ ಇದು. ಮಾವನ ಮುಖ ಸಪ್ಪಗಾಯ್ತು.

ಆಮೇಲೊಂದು ದಿನ "ಬೇನಿಶಾ ಯಾವಾಗ ಸಿಗುತ್ತೆ" ಅಂತ ಹುಡುಕಿದ್ರೆ ನಾನು ಬರೆದ ಸಾಲು ಕಾಣಿಸ್ಲೇ ಇಲ್ಲ! ಹುಡುಕೋ ಮಾತಿಗೆ ಹೊಂದೋದು ಪೇಜ್ ಒಳಗೆ ಸಿಕ್ಕಿದ್ರೆ ಗೂಗಲ್ ಅದನ್ನೇ ಎತ್ತಿ ತೋರಿಸುತ್ತೆ, ಅಲ್ಲಿ ಆ ಹುಡುಗ ಎಲ್ಲಿಂದಲೋ ಪೇಸ್ಟ್ ಮಾಡಿದ್ದ "ಹಣ್ಣುಗಳ ರಾಜ" ಪ್ಯಾರಾ ಇತ್ತು. ಅದನ್ನ ಕಿತ್ತು ಹಾಕಿ ಯಾವ ಹಣ್ಣು ಯಾವ ತಿಂಗಳು ಅಂತ ಮಾವನ ಬಾಯಲ್ಲೇ ಹೇಳಿಸಿ ಬರೆದೆ, ತಾತನ ಮರಾನೂ ಅಲ್ಲೇ ಸೇರಿಸ್ದೆ. ಈಗ ಫೋನ್ ಮಾಡೋರು ಕಾರ್ಬೈಡ್ ಕೇಳಲ್ವಂತೆ, ಡಿಸ್ಕೌಂಟ್ ಕೇಳ್ತಾರಂತೆ.